ಸೋತ ಮ್ಯಾಚಿನ ಹಳದಿ ಹಾಳೆ: ಒಬ್ಬೊಬ್ಬ ಆಟಗಾರನ ಆಟವನ್ನು ತೂಗುವ ಕ್ರಮ

ಸೋಲುತ್ತಲೇ ಇರುವ ಬಾಸ್ಕೆಟ್‌ಬಾಲ್ ತಂಡಗಳ ಕೋಚ್‌ಗಳು, ಮ್ಯಾನೇಜರ್‌ಗಳು ಬರೆದ ರಿಪೋರ್ಟ್‌ಗಳನ್ನು ಓದುತ್ತಾ ಬಂದಿದ್ದೇನೆ. ಒಂದೇ ತಪ್ಪು ಮತ್ತೆ ಮತ್ತೆ ಕಾಣುತ್ತದೆ. ಜಾಸ್ತಿ ಪಾಯಿಂಟ್ ಹೊಡೆದವನಿಗೆ ಹತ್ತಕ್ಕೆ 8. ಕೊನೆಯ ಶಾಟ್ ತಪ್ಪಿಸಿದವನಿಗೆ 3. ಉಳಿದವರಿಗೆಲ್ಲ ಸಾಲಾಗಿ 4. ಪಕ್ಕದಲ್ಲಿ "ಡಿಫೆನ್ಸ್ ಸುಧಾರಿಸಬೇಕು" ಅಂತ ಒಂದು ಷರಾ. ಇದನ್ನು ಓದಿದ ಹುಡುಗನಿಗೆ ನಾಳೆ ಬೆಳಗ್ಗೆ ಪ್ರಾಕ್ಟೀಸಿನಲ್ಲಿ ಏನು ಬದಲಿಸಬೇಕು ಅಂತ ಗೊತ್ತೇ ಆಗುವುದಿಲ್ಲ.

ಬರೆಯುವವರಿಗೆ ಆಟ ಗೊತ್ತಿಲ್ಲ ಅಂತಲ್ಲ. ಅವರು ಕೆಲಸ ಮಾಡುವ ಕ್ರಮ ತಿರುವುಮುರುವಾಗಿರುತ್ತದೆ. ಮೊದಲು ಅಂಕ ಮನಸ್ಸಿನಲ್ಲಿ ಕೂತುಬಿಡುತ್ತದೆ, ಆಮೇಲೆ ಅದಕ್ಕೆ ಕಾರಣ ಹುಡುಕಲು ವಿಡಿಯೋ ನೋಡುತ್ತಾರೆ. ಕೆಳಗಿನ ಹಂತಗಳಲ್ಲಿ ಅಂಕ ಬರುವುದು ಕೊನೆಗೆ. ದಯವಿಟ್ಟು ಹಂತಗಳನ್ನು ಅದಲುಬದಲು ಮಾಡಬೇಡಿ.

ಶುರು ಮಾಡುವ ಮುನ್ನ ಏನೇನು ಬೇಕು

ಮೊದಲು ಸ್ಕೋರ್‌ಶೀಟ್. ಫೀಬಾ (ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟ) ನಿಯಮದ ಪ್ರಕಾರ ಸ್ಕೋರ್‌ಶೀಟಿನ ಗುಲಾಬಿ ಪ್ರತಿ ಗೆದ್ದ ತಂಡಕ್ಕೆ, ಹಳದಿ ಪ್ರತಿ ಸೋತ ತಂಡಕ್ಕೆ ಸೇರುತ್ತದೆ. ಸೋತ ಬೇಜಾರಿನಲ್ಲಿ ಆ ಹಳದಿ ಹಾಳೆಯನ್ನು ಟೇಬಲ್ ಮೇಲೇ ಬಿಟ್ಟು ಬರುವವರು ತುಂಬಾ ಜನ. ಬಿಡಬೇಡಿ. ಬಣ್ಣದ ಪ್ರತಿ ಕೊಡದ ಟೂರ್ನಮೆಂಟ್ ಆದರೆ, ಅಂಪೈರ್‌ಗಳು ಸಹಿ ಹಾಕಿದ ಮೇಲೆ ಫೋನಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ನೆರಳು ಬೀಳದ ಹಾಗೆ, ಇಡೀ ಹಾಳೆ ಬರುವ ಹಾಗೆ.

ಎರಡನೆಯದು ವಿಡಿಯೋ. ದುಬಾರಿ ಕ್ಯಾಮೆರಾ ಬೇಕಿಲ್ಲ. ಒಂದು ಫೋನ್, ಒಂದು ಸ್ಟ್ಯಾಂಡ್ ಸಾಕು. ಆದರೆ ಫೋನ್ ಎಲ್ಲಿಡುತ್ತೀರಿ ಅನ್ನುವುದೇ ಮುಖ್ಯ. ಸೆಂಟರ್ ಲೈನಿನ ನೇರಕ್ಕೆ, ಆದಷ್ಟು ಎತ್ತರದಲ್ಲಿ ಇರಬೇಕು. ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಂಥ ಕಡೆ ಗ್ಯಾಲರಿ ಸಿಗುತ್ತದೆ. ಬಯಲಿನ ಸಿಮೆಂಟ್ ಕೋರ್ಟಿನಲ್ಲಿ ಪಕ್ಕದ ಕಟ್ಟಡದ ಮೊದಲ ಮಹಡಿಯೋ, ಗಟ್ಟಿಯಾದ ಒಂದು ಏಣಿಯೋ ಬೇಕು. ಸಂಜೆ ಮ್ಯಾಚ್ ಆದರೆ ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಿಸಿ. ಬಾಲ್ ಹಿಂದೆ ಜೂಮ್ ಮಾಡುತ್ತಾ ಓಡಿದ ವಿಡಿಯೋ ಈ ಕೆಲಸಕ್ಕೆ ಬರುವುದೇ ಇಲ್ಲ. ಬಾಲ್ ಇಲ್ಲದ ನಾಲ್ಕು ಜನ ಏನು ಮಾಡುತ್ತಿದ್ದರು ಅನ್ನುವುದೇ ನಮಗೆ ಬೇಕಾದದ್ದು.

ಮೂರನೆಯದು ಗೆರೆ ಎಳೆದ ನೋಟ್‌ಬುಕ್ ಅಥವಾ ಎಕ್ಸೆಲ್ ಶೀಟ್. ನಾಲ್ಕನೆಯದು ಇನ್ನೊಬ್ಬ ಮನುಷ್ಯ. ಒಬ್ಬರು ನೋಡಿ ಹೇಳಬೇಕು, ಒಬ್ಬರು ಬರೆಯಬೇಕು. 40 ನಿಮಿಷದ ಮ್ಯಾಚಿಗೆ ಮೂರರಿಂದ ನಾಲ್ಕು ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತು ಇಲ್ಲದಿದ್ದರೆ ಎರಡು ಕ್ವಾರ್ಟರ್ (ಹತ್ತು ಹತ್ತು ನಿಮಿಷದ ಭಾಗ) ಮಾತ್ರ ಮಾಡಿ, ಅಂಕ ಕೊಡಬೇಡಿ. ಅರ್ಧ ನೋಡಿ ಪೂರ್ತಿ ಮ್ಯಾಚಿಗೆ ಅಂಕ ಹಾಕುವುದು ಹುಡುಗರಿಗೆ ಮಾಡುವ ಅನ್ಯಾಯ.

ಹಂತ 1: ವಿಡಿಯೋ ಮುಟ್ಟುವ ಮೊದಲು ಪಾತ್ರ ಬರೆಯಿರಿ

ಪ್ರತಿಯೊಬ್ಬ ಆಟಗಾರನ ಹೆಸರಿನ ಮುಂದೆ ಒಂದೇ ಸಾಲು: ಈ ಮ್ಯಾಚಿನಲ್ಲಿ ಇವನಿಗೆ ನಾವು ಹೇಳಿದ ಕೆಲಸ ಏನು? "ಎದುರಾಳಿ ಪಾಯಿಂಟ್ ಗಾರ್ಡ್ ಎಡಗೈಗೆ ತಿರುಗುವಂತೆ ಮಾಡಬೇಕು." "ಕಾರ್ನರಿನಲ್ಲಿ ನಿಂತು ತ್ರೀ ಹೊಡೆಯಬೇಕು." "ಅವರ ಉದ್ದದ ಸೆಂಟರನ್ನು ರೀಬೌಂಡಿಗೆ ಬಿಡಬಾರದು." (ಪಾಯಿಂಟ್ ಗಾರ್ಡ್ ಅಂದರೆ ಬಾಲ್ ತಂದು ಆಟ ನಡೆಸುವವನು, ಸೆಂಟರ್ ಅಂದರೆ ಬಾಸ್ಕೆಟ್ ಹತ್ತಿರ ಆಡುವ ಎತ್ತರದವನು. ತ್ರೀ ಅಂದರೆ ದೂರದ ಗೆರೆಯಾಚೆಯಿಂದ ಹೊಡೆಯುವ ಮೂರು ಪಾಯಿಂಟಿನ ಶಾಟ್, ರೀಬೌಂಡ್ ಅಂದರೆ ತಪ್ಪಿದ ಶಾಟಿನ ಬಾಲ್ ಹಿಡಿಯುವುದು.) ಮ್ಯಾಚಿಗೆ ಮುಂಚೆಯೇ ಬರೆದಿಟ್ಟಿದ್ದರೆ ಇನ್ನೂ ಒಳ್ಳೆಯದು.

ಇಲ್ಲೇ ಅರ್ಧ ತಂಡಗಳು ಎಡವುತ್ತವೆ. ಬರೆಯಲು ಕೂತಾಗ ಮೂರ್ನಾಲ್ಕು ಜನರ ಮುಂದೆ ಏನು ಬರೆಯಬೇಕೋ ಹೊಳೆಯುವುದಿಲ್ಲ. ಅಂದರೆ ಅವರಿಗೆ ನಾವು ಕೆಲಸವನ್ನೇ ಹೇಳಿರಲಿಲ್ಲ. ಹೇಳದ ಕೆಲಸಕ್ಕೆ ಅಂಕ ಕಡಿಯುವ ಹಾಗಿಲ್ಲ. ಆ ಜಾಗದಲ್ಲಿ "ಪಾತ್ರ ಹೇಳಿರಲಿಲ್ಲ" ಅಂತ ಪ್ರಾಮಾಣಿಕವಾಗಿ ಬರೆಯಿರಿ. ಅದು ಕೋಚ್ ಖಾತೆಗೆ ಹೋಗಬೇಕಾದ ಸಾಲು.

ಮ್ಯಾಚ್ ಮುಗಿದ ರಾತ್ರಿಯೇ ಕೂರಬೇಡಿ. ಒಂದು ನಿದ್ದೆ ಆಗಲಿ.

ಹಂತ 2: ಹಳದಿ ಹಾಳೆಯನ್ನು ಓದಿ

ಸ್ಕೋರ್‌ಶೀಟಿನಲ್ಲಿ ಎಷ್ಟು ವಿಷಯ ಇದೆ ಅಂತ ತುಂಬಾ ಜನಕ್ಕೆ ಗೊತ್ತಿಲ್ಲ. ಸ್ಕೋರರ್ ಎರಡು ಬಣ್ಣದ ಪೆನ್ ಬಳಸುತ್ತಾರೆ. ಮೊದಲ ಮತ್ತು ಮೂರನೇ ಕ್ವಾರ್ಟರಿಗೆ ಕೆಂಪು, ಎರಡನೇ ಮತ್ತು ನಾಲ್ಕನೇ ಕ್ವಾರ್ಟರಿಗೆ ನೀಲಿ ಅಥವಾ ಕಪ್ಪು. ಹಾಗಾಗಿ ಯಾರ ಪಾಯಿಂಟ್, ಯಾರ ಫೌಲ್ ಯಾವ ಕ್ವಾರ್ಟರಿನಲ್ಲಿ ಬಂತು ಅಂತ ಬಣ್ಣ ನೋಡಿಯೇ ಬೇರ್ಪಡಿಸಬಹುದು. ಸ್ಕೋರಿನ ಅಂಕಿಯ ಮೇಲೆ ಓರೆ ಗೆರೆ ಇದ್ದರೆ ಫೀಲ್ಡ್ ಗೋಲ್ (ಆಟದ ನಡುವೆ ಹಾಕಿದ ಬಾಸ್ಕೆಟ್), ತುಂಬಿದ ಚುಕ್ಕೆ ಇದ್ದರೆ ಫ್ರೀ ಥ್ರೋ (ಫೌಲಿಗೆ ಸಿಗುವ ಒಂದು ಪಾಯಿಂಟಿನ ಎಸೆತ). ಆಟಗಾರನ ನಂಬರಿನ ಸುತ್ತ ವೃತ್ತ ಇದ್ದರೆ ಅದು ತ್ರೀ-ಪಾಯಿಂಟ್.

ಈ ಹಾಳೆಯಿಂದ ಎರಡೇ ವಿಷಯ ತೆಗೆಯಿರಿ. ಒಂದು, ಎದುರಾಳಿ ಸತತವಾಗಿ 8 ಪಾಯಿಂಟ್‌ಗಿಂತ ಜಾಸ್ತಿ ಹೊಡೆದ ಜಾಗಗಳು. ಅವುಗಳನ್ನು ಗುರುತು ಮಾಡಿ. ಸಾಮಾನ್ಯವಾಗಿ ಮ್ಯಾಚ್ ಕೈ ತಪ್ಪುವುದು ಇಂಥ ಎರಡೋ ಮೂರೋ ಕಡೆ. ಎರಡು, ಫೌಲ್‌ಗಳು. ನಮ್ಮ ನಿಯಮದಲ್ಲಿ ಐದನೇ ಫೌಲಿಗೆ ಆಟಗಾರ ಹೊರಗೆ. ಮೊದಲ ಕ್ವಾರ್ಟರಿನಲ್ಲೇ ಎರಡು ಫೌಲ್ ತಿಂದ ಸೆಂಟರ್ ಆಮೇಲೆ ಮೈ ಕಾಯ್ದುಕೊಂಡು ಆಡುತ್ತಾನೆ. ಮೂರನೇ ಕ್ವಾರ್ಟರಿನಲ್ಲಿ ಅವನು ಕೈ ಎತ್ತದೆ ನಿಂತದ್ದನ್ನು ಸೋಮಾರಿತನ ಅಂದುಕೊಳ್ಳುವ ಮೊದಲು ಈ ಕಾಲಂ ನೋಡಿ.

ರೀಬೌಂಡ್, ಅಸಿಸ್ಟ್ (ಬಾಸ್ಕೆಟ್‌ಗೆ ದಾರಿ ಮಾಡಿದ ಪಾಸ್), ಟರ್ನೋವರ್ (ಶಾಟ್ ಹೊಡೆಯದೆ ಬಾಲ್ ಕಳೆದುಕೊಳ್ಳುವುದು), ತಪ್ಪಿದ ಶಾಟ್ ಯಾವುದೂ ಈ ಹಾಳೆಯಲ್ಲಿ ಇರುವುದಿಲ್ಲ. ಅವನ್ನು ವಿಡಿಯೋ ನೋಡಿ ನಾವೇ ಎಣಿಸಬೇಕು.

ಹಂತ 3: ಮೊದಲು ತಂಡದ ಲೆಕ್ಕ, ಆಮೇಲೆ ಆಟಗಾರನದ್ದು

ವಿಡಿಯೋವನ್ನು ಮೊದಲ ಸಲ ನೋಡುವಾಗ ಯಾರನ್ನೂ ದೂರಬೇಡಿ, ಹೊಗಳಲೂಬೇಡಿ. ಸುಮ್ನೆ ಎಣಿಸಿ. ಎರಡೂ ತಂಡದ ಶಾಟ್, ಫ್ರೀ ಥ್ರೋ, ಅಟ್ಯಾಕಿಂಗ್ ರೀಬೌಂಡ್ (ತಮ್ಮದೇ ತಪ್ಪಿದ ಶಾಟಿನದ್ದು), ಡಿಫೆನ್ಸ್ ರೀಬೌಂಡ್ (ಎದುರಾಳಿಯ ತಪ್ಪಿದ ಶಾಟಿನದ್ದು), ಟರ್ನೋವರ್.

ಪೊಸೆಷನ್, ಅಂದರೆ ಬಾಲ್ ನಮ್ಮ ಕೈಯಲ್ಲಿದ್ದ ಸರದಿ, ಎಷ್ಟು ಸಿಕ್ಕಿತು ಅಂತ ತಿಳಿಯುವ ಲೆಕ್ಕ ಹೀಗೆ: ಹೊಡೆದ ಶಾಟ್‌ಗಳು (ಬಿದ್ದದ್ದೂ ತಪ್ಪಿದ್ದೂ ಸೇರಿ), ಅದಕ್ಕೆ ಫ್ರೀ ಥ್ರೋಗಳ 0.44 ಪಾಲು ಕೂಡಿಸಿ, ಟರ್ನೋವರ್ ಕೂಡಿಸಿ, ಅಟ್ಯಾಕಿಂಗ್ ರೀಬೌಂಡ್ ಕಳೆಯಿರಿ. 0.44 ಯಾಕೆ ಅಂದರೆ, ಸಾಮಾನ್ಯವಾಗಿ ಎರಡು ಫ್ರೀ ಥ್ರೋಗೆ ಒಂದು ಪೊಸೆಷನ್ ಖರ್ಚಾಗುತ್ತದೆ. ಆದರೆ ಬಾಸ್ಕೆಟ್ ಬಿದ್ದ ಮೇಲೆ ಸಿಗುವ ಹೆಚ್ಚುವರಿ ಫ್ರೀ ಥ್ರೋ, ಟೆಕ್ನಿಕಲ್ ಫೌಲಿನ ಫ್ರೀ ಥ್ರೋಗೆ ಬೇರೆ ಪೊಸೆಷನ್ ಖರ್ಚಾಗುವುದಿಲ್ಲ. ಅದಕ್ಕೇ ಅರ್ಧಕ್ಕಿಂತ ಸ್ವಲ್ಪ ಕಡಿಮೆ.

ಒಂದು ಮಾದರಿ ಲೆಕ್ಕ ಮಾಡೋಣ. 62 ಶಾಟ್, 18 ಫ್ರೀ ಥ್ರೋ, 21 ಟರ್ನೋವರ್, 9 ಅಟ್ಯಾಕಿಂಗ್ ರೀಬೌಂಡ್. 62 + 7.92 + 21 − 9 ಅಂದರೆ ಸುಮಾರು 82 ಪೊಸೆಷನ್. ಅದರಲ್ಲಿ 21 ಟರ್ನೋವರ್. ಪ್ರತಿ ನಾಲ್ಕು ಸಲ ಬಾಲ್ ತಂದಾಗ ಒಂದು ಸಲ ಶಾಟೇ ಹೊಡೆಯದೆ ಕಳೆದುಕೊಂಡಿದ್ದೇವೆ. ಈ ಅಂಕಿ ಕಣ್ಣ ಮುಂದೆ ಇದ್ದರೆ "ನಮ್ಮ ಶೂಟಿಂಗ್ ಕೈ ಕೊಟ್ಟಿತು" ಅನ್ನುವ ಮಾತು ಅಲ್ಲೇ ನಿಲ್ಲುತ್ತದೆ.

ನಾಲ್ಕು ಕಡೆ ಎದುರಾಳಿಯ ಜೊತೆ ಹೋಲಿಸಿ: ಶೂಟಿಂಗ್, ಟರ್ನೋವರ್, ಅಟ್ಯಾಕಿಂಗ್ ರೀಬೌಂಡ್, ಫ್ರೀ ಥ್ರೋ. ಎಲ್ಲಿ ಅಂತರ ದೊಡ್ಡದೋ ಮ್ಯಾಚ್ ಹೋದದ್ದು ಅಲ್ಲಿ. ಆಟಗಾರರ ಆಟವನ್ನು ತೂಗುವಾಗ ಆ ಜಾಗಕ್ಕೆ ಜಾಸ್ತಿ ಸಮಯ ಕೊಡಿ.

ಹಂತ 4: ಶೂಟಿಂಗ್

ಇಬ್ಬರು ಆಟಗಾರರು ಇದ್ದಾರೆ ಅಂತಿಟ್ಟುಕೊಳ್ಳಿ. ಒಬ್ಬ 15 ಶಾಟಿನಲ್ಲಿ 6 ಹಾಕಿದ, ಎಲ್ಲವೂ ಎರಡು ಪಾಯಿಂಟಿನವು. ಇನ್ನೊಬ್ಬ 12ರಲ್ಲಿ 5 ಹಾಕಿದ, ಅದರಲ್ಲಿ 4 ತ್ರೀ. ಬರೀ ಶೇಕಡಾ ನೋಡಿದರೆ 40 ಮತ್ತು 41.7, ಹೆಚ್ಚುಕಮ್ಮಿ ಒಂದೇ. ಆದರೆ ಹಾಕಿದ ಪ್ರತಿ ತ್ರೀಗೆ ಅರ್ಧ ಬಾಸ್ಕೆಟ್ ಜಾಸ್ತಿ ಕೂಡಿಸಿ ಶಾಟಿನಿಂದ ಭಾಗಿಸಿ ನೋಡಿ. ಮೊದಲನೆಯವನು ಶೇಕಡಾ 40ರಲ್ಲೇ ನಿಲ್ಲುತ್ತಾನೆ, ಎರಡನೆಯವನು 58.3ಕ್ಕೆ ಹೋಗುತ್ತಾನೆ. ಇದಕ್ಕೆ ಎಫೆಕ್ಟಿವ್ ಫೀಲ್ಡ್ ಗೋಲ್ ಅಂತಾರೆ. ಫ್ರೀ ಥ್ರೋವನ್ನೂ ಸೇರಿಸಿ ನೋಡಬೇಕಾದರೆ ಟ್ರೂ ಶೂಟಿಂಗ್ ಇದೆ: ಒಟ್ಟು ಪಾಯಿಂಟನ್ನು, ಶಾಟ್ ಮತ್ತು ಫ್ರೀ ಥ್ರೋಗಳ 0.44 ಪಾಲು ಕೂಡಿಸಿದ ಮೊತ್ತದ ಎರಡರಷ್ಟರಿಂದ ಭಾಗಿಸಬೇಕು.

ಒಂದು ನಿಜವಾದ ಮ್ಯಾಚ್ ತೆಗೆದುಕೊಳ್ಳೋಣ. 2017ರ ಮಾರ್ಚ್ 24ರಂದು ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ಫೀನಿಕ್ಸ್ ಸನ್ಸ್ ತಂಡದ ಡೆವಿನ್ ಬುಕರ್ ಬಾಸ್ಟನ್ ಸೆಲ್ಟಿಕ್ಸ್ ವಿರುದ್ಧ 70 ಪಾಯಿಂಟ್ ಹೊಡೆದರು. ಆಗ ಅವರಿಗೆ ಬರೀ 20 ವರ್ಷ. ಸನ್ಸ್ 120-130ರಿಂದ ಸೋತಿತು. ಆ ಸೀಸನ್ನಿನಲ್ಲಿ ಆ ತಂಡ 24 ಗೆದ್ದು 58 ಸೋತ ತಂಡ. ಬುಕರ್ 40 ಶಾಟಿನಲ್ಲಿ 21 ಹಾಕಿದ್ದರು, ತ್ರೀ 11ರಲ್ಲಿ 4, ಫ್ರೀ ಥ್ರೋ 26ರಲ್ಲಿ 24. ಟ್ರೂ ಶೂಟಿಂಗ್ ಲೆಕ್ಕ ಹಾಕಿದರೆ ಶೇಕಡಾ 68.

"ತಂಡ ಸೋಲುವಾಗ 40 ಶಾಟ್ ಹೊಡೆದ ಸ್ವಾರ್ಥಿ" ಅಂತ ಬರೆದುಬಿಡುವುದು ಸುಲಭ. ಆದರೆ ಶೇಕಡಾ 68 ಬರುವಾಗ ಬಾಲ್ ಅವನ ಕೈಗೆ ಹೋಗದೆ ಇನ್ನೆಲ್ಲಿಗೆ ಹೋಗಬೇಕು? ಅದೇ ರೀತಿ "70 ಹೊಡೆದ, ಹತ್ತಕ್ಕೆ ಹತ್ತು" ಅನ್ನುವುದೂ ಅವಸರ. 70ರಲ್ಲಿ 51 ಬಂದದ್ದು ಎರಡನೇ ಅರ್ಧದಲ್ಲಿ. ಕೊನೆಯ ಹೊತ್ತಿನಲ್ಲಿ ಸನ್ಸ್ ಬೇಕಂತಲೇ ಫೌಲ್ ಮಾಡಿ, ಟೈಮ್‌ಔಟ್ ಕೇಳಿ, ಬುಕರ್‌ಗೆ ಇನ್ನಷ್ಟು ಅವಕಾಶ ಸಿಗುವಂತೆ ನೋಡಿಕೊಂಡಿತ್ತು. ಅವರ ಶೂಟಿಂಗ್ ಅಪ್ಪಟ ನಿಜ. ಆದರೆ ಕೊನೆಯ ಕೆಲವು ಪಾಯಿಂಟ್‌ಗಳಿಗೂ ಎರಡನೇ ಕ್ವಾರ್ಟರಿನ ಪಾಯಿಂಟ್‌ಗೂ ಮ್ಯಾಚಿನ ಮೇಲೆ ಒಂದೇ ತೂಕ ಇರುವುದಿಲ್ಲ. ನಿಮ್ಮ ಶೀಟಿನಲ್ಲಿ ಶೂಟಿಂಗ್ ಎಷ್ಟು ಚೆನ್ನಾಗಿತ್ತು, ಅದು ಮ್ಯಾಚಿನ ಯಾವ ಹೊತ್ತಿನಲ್ಲಿ ಬಂತು ಅನ್ನುವುದಕ್ಕೆ ಬೇರೆಬೇರೆ ಕಾಲಂ ಇರಲಿ.

ಇನ್ನೊಂದು ಕಾಲಂ ಇಡಿ, ಇದನ್ನು ಯಾರೂ ಇಡುವುದಿಲ್ಲ: ಶಾಟ್ ಹೊಡೆದಾಗ, ಪ್ರತಿ ಸರದಿಗೆ ಕೊಡುವ 24 ಸೆಕೆಂಡಿನ ಗಡಿಯಾರದಲ್ಲಿ (ಶಾಟ್ ಕ್ಲಾಕ್) ಎಷ್ಟು ಉಳಿದಿತ್ತು? ಸೋಲುವ ತಂಡದಲ್ಲಿ ಯಾರಿಗೂ ಜಾಗ ಸಿಗುವುದಿಲ್ಲ. ಬಾಲ್ ಸುತ್ತಿ ಸುತ್ತಿ ಮೂರು ಸೆಕೆಂಡ್ ಉಳಿದಾಗ ತಂಡದ ಒಳ್ಳೆಯ ಆಟಗಾರನ ಕೈಗೆ ಬರುತ್ತದೆ. ಅವನು ಇಬ್ಬರ ಕೈ ಮೇಲಿಂದ ಎಸೆಯುತ್ತಾನೆ, ತಪ್ಪುತ್ತದೆ. ಆ ತಪ್ಪಿದ ಶಾಟ್ ಅವನ ಲೆಕ್ಕಕ್ಕೆ ಹೋಗುತ್ತದೆ, 20 ಸೆಕೆಂಡ್ ಕಳೆದ ನಾಲ್ವರ ಲೆಕ್ಕಕ್ಕೆ ಹೋಗುವುದಿಲ್ಲ. ನಾಲ್ಕು ಸೆಕೆಂಡಿಗಿಂತ ಕಡಿಮೆ ಇದ್ದಾಗ ಹೊಡೆದ ಶಾಟ್‌ಗಳನ್ನು ಬೇರೆ ಬರೆದು, ಅವಿಲ್ಲದೆ ಶೇಕಡಾ ಎಷ್ಟು ಅಂತ ನೋಡಿ. ಶಾಟ್ ಕ್ಲಾಕ್ ಇಲ್ಲದ ಕೋರ್ಟಾದರೆ ವಿಡಿಯೋದ ಸೆಕೆಂಡ್ ಎಣಿಸಿದರೆ ಆಯಿತು.

ಹಂತ 5: ಟರ್ನೋವರ್‌ಗಳನ್ನು ಬಗೆ ಬಗೆಯಾಗಿ ವಿಂಗಡಿಸಿ

ಪಾಯಿಂಟ್ ಗಾರ್ಡ್ 6 ಟರ್ನೋವರ್ ಮಾಡಿದ ಅಂತ ಬೈಯುವುದು ಸಾಮಾನ್ಯ. ಬಾಲ್ ಜಾಸ್ತಿ ಹೊತ್ತು ಇರುವುದೇ ಅವನ ಕೈಯಲ್ಲಿ ಅಲ್ವಾ? ಮೂರು ಗುಂಪು ಮಾಡಿ. ಬಾಲ್ ಹೊರಗೆ ಹೋದದ್ದು, ಟ್ರಾವೆಲಿಂಗ್ (ಬಾಲ್ ಪುಟಿಸದೆ ಹೆಜ್ಜೆ ಹಾಕಿದ್ದು), ಅಟ್ಯಾಕಿಂಗ್ ಫೌಲ್ ಒಂದು ಗುಂಪು. ಇಲ್ಲಿ ಆಟ ನಿಲ್ಲುತ್ತದೆ, ಡಿಫೆನ್ಸಿಗೆ ವಾಪಸ್ ಓಡಲು ಸಮಯ ಸಿಗುತ್ತದೆ. ಎದುರಾಳಿ ಕಸಿದುಕೊಂಡು ನೇರ ಲೇಅಪ್‌ಗೆ (ಬಾಸ್ಕೆಟ್ ಹತ್ತಿರದ ಸುಲಭ ಶಾಟಿಗೆ) ಓಡಿದ್ದು ಎರಡನೇ ಗುಂಪು. ಇದು ಎರಡು ಪಟ್ಟು ಏಟು. ಪಾಸ್ ಸರಿಯಾಗಿಯೇ ಇದ್ದು, ಹಿಡಿಯಬೇಕಾದವನು ಕೈ ತೋರಿಸದೆ, ಬಾಲಿನ ಕಡೆ ಹೆಜ್ಜೆ ಇಡದೆ ನಿಂತು ಹೋದದ್ದು ಮೂರನೇ ಗುಂಪು. ಈ ಮೂರನೆಯದನ್ನು ಪಾಸ್ ಕೊಟ್ಟವನ ಲೆಕ್ಕದಿಂದ ತೆಗೆದು ಹಿಡಿಯದವನ ಲೆಕ್ಕಕ್ಕೆ ಹಾಕಿ. ಹೀಗೆ ವಿಂಗಡಿಸಿದ ಮೇಲೆ ಗಾರ್ಡ್‌ನ ಆರು ಎಷ್ಟೋ ಸಲ ಮೂರಕ್ಕೆ ಇಳಿಯುತ್ತದೆ.

ಹಂತ 6: ಡಿಫೆನ್ಸ್, ಅಂದರೆ ಮೊದಲ ಬಿರುಕು ಎಲ್ಲಿ ಬಿಟ್ಟಿತು

ಇದೇ ಅತಿ ಕಷ್ಟದ ಹಂತ. ಅರ್ಧ ಸಮಯ ಇಲ್ಲಿಗೇ ಇಟ್ಟುಕೊಳ್ಳಿ.

ಒಂದು ಕ್ಲಿಪ್ ಹೇಳುತ್ತೇನೆ. ಮೂರನೇ ಕ್ವಾರ್ಟರ್. ಎದುರಾಳಿ ಗಾರ್ಡ್ ಬಲಗಡೆಯಿಂದ ಬಾಲ್ ತರುತ್ತಾನೆ. ನಮ್ಮ ಗಾರ್ಡ್ ಮೊಣಕಾಲು ನೆಟ್ಟಗೆ ಮಾಡಿ ನಿಂತಿದ್ದಾನೆ, ಎದುರಾಳಿ ಅವನನ್ನು ಒಂದೇ ಹೆಜ್ಜೆಗೆ ದಾಟಿ ಹೋಗುತ್ತಾನೆ. ಬಾಸ್ಕೆಟ್ ಕೆಳಗಿದ್ದ ನಮ್ಮ ಸೆಂಟರ್ ತನ್ನ ಆಟಗಾರನನ್ನು ಬಿಟ್ಟು ಅಡ್ಡ ಬರುತ್ತಾನೆ. ಬರಲೇಬೇಕು, ಬೇರೆ ದಾರಿ ಇಲ್ಲ. ಬಾಲ್ ಅವನ ತೋಳಿನ ಕೆಳಗಿಂದ ಅವನು ಬಿಟ್ಟು ಬಂದ ಆಟಗಾರನಿಗೆ ಹೋಗುತ್ತದೆ. ಆರಾಮಾಗಿ ಎರಡು ಪಾಯಿಂಟ್. ಬೆಂಚಿನಿಂದ ಕೂಗು: "ಏಯ್, ನಿನ್ನ ಆಟಗಾರನೆಲ್ಲೋ!" ಸೆಂಟರ್ ತಲೆ ತಗ್ಗಿಸಿ ವಾಪಸ್ ಓಡುತ್ತಾನೆ.

ಆ ಕೂಗು ನನ್ನದು. ಮನೆಗೆ ಬಂದು ಅದೇ ಕ್ಲಿಪ್ ನಾಲ್ಕು ಸಲ ನೋಡಿದ ಮೇಲೆ ಎಡ ಕಾರ್ನರಿನಲ್ಲಿ ನಿಂತಿದ್ದ ಐದನೆಯವನು ಕಣ್ಣಿಗೆ ಬಿದ್ದ. ಸೆಂಟರ್ ಅಡ್ಡ ಬಂದ ತಕ್ಷಣ ಅವನು ಇಳಿದು ಬಂದು ಆ ಆಟಗಾರನನ್ನು ಹಿಡಿಯಬೇಕಿತ್ತು. ಅವನು ಕೈ ಕೆಳಗೆ ಬಿಟ್ಟು ಬಾಲ್ ನೋಡುತ್ತಾ ನಿಂತಿದ್ದ. ಮ್ಯಾಚಿನ ಉದ್ದಕ್ಕೂ ಇದೇ ಏಳು ಸಲ. ಏಳೂ ಸಲ ಬೈಗುಳ ತಿಂದದ್ದು ಸೆಂಟರ್. ಆ ಹುಡುಗನ ಹಿಂದಿನ ರಿಪೋರ್ಟ್‌ಗಳಲ್ಲೆಲ್ಲ ನಾನು "ಡಿಫೆನ್ಸ್ ವೀಕ್" ಅಂತ ಬರೆದಿದ್ದೆ. ಈಗಲೂ ನೆನಪಾದರೆ ಹೊಟ್ಟೆ ಚುರುಕ್ ಅನ್ನುತ್ತದೆ.

ಹಾಗಾಗಿ ಎದುರಾಳಿ ಬಾಸ್ಕೆಟ್ ಹಾಕಿದ ಪ್ರತಿ ಸಲವೂ ವಿಡಿಯೋ ಎಂಟು ಹತ್ತು ಸೆಕೆಂಡ್ ಹಿಂದೆ ಹಾಕಿ, ಮೂರು ಹೆಸರು ಬರೆಯಿರಿ. ಮೊದಲ ಬಿರುಕು ಬಿಟ್ಟವನು ಯಾರು? ಹೆಲ್ಪ್‌ಗೆ ಬರಬೇಕಾದವನು ಬಂದನೇ? ಹೆಲ್ಪ್‌ಗೆ ಹೋದವನ ಆಟಗಾರನನ್ನು ಹಿಡಿಯಬೇಕಾದವನು ಯಾರು, ಹಿಡಿದನೇ? ಮೇಲಿನ ಕ್ಲಿಪ್‌ನಲ್ಲಿ ಗಾರ್ಡಿಗೆ ಒಂದು ಮೈನಸ್, ಕಾರ್ನರಿನವನಿಗೆ ಒಂದು ಮೈನಸ್, ಸೆಂಟರಿಗೆ ಒಂದು ಪ್ಲಸ್. ಸರಿಯಾದ ಕೆಲಸ ಮಾಡಿ ಪಾಯಿಂಟ್ ಬಿಟ್ಟವನಿಗೆ ಪ್ಲಸ್ ಹಾಕಲು ಕೈ ಹಿಂಜರಿಯುತ್ತದೆ. ಹಾಕಿ.

ಎದುರಾಳಿ ಶಾಟ್ ತಪ್ಪಿಸಿದ ಸಲವೂ ಹತ್ತಾದರೂ ಹೀಗೇ ನೋಡಿ. ತಪ್ಪಿದ ಶಾಟ್‌ಗಳಲ್ಲೂ ನಮ್ಮ ಬಿರುಕು ಇರುತ್ತದೆ, ಅವತ್ತು ಅದೃಷ್ಟ ಕೈ ಹಿಡಿದಿರುತ್ತದೆ ಅಷ್ಟೇ.

ರೀಬೌಂಡಿನಲ್ಲೂ ಇದೇ ಮಾತು. ಬಾಲ್ ಹಿಡಿದವನ ಹೆಸರಿಗೆ ರೀಬೌಂಡ್ ಬೀಳುತ್ತದೆ. ಎದುರಾಳಿಯ ಎತ್ತರದ ಆಟಗಾರನನ್ನು ಬೆನ್ನು ಕೊಟ್ಟು ತಡೆದವನ ಹೆಸರಿಗೆ ಏನೂ ಇಲ್ಲ. ಅವನ ರೀಬೌಂಡ್ ಎಷ್ಟು ಅಂತ ನೋಡುವುದಕ್ಕಿಂತ, ಅವನು ಹಿಡಿಯಬೇಕಾದ ಆಟಗಾರ ಎಷ್ಟು ಅಟ್ಯಾಕಿಂಗ್ ರೀಬೌಂಡ್ ತೆಗೆದ ಅಂತ ನೋಡಿ. ನಿಜ ಅಲ್ಲಿ ಗೊತ್ತಾಗುತ್ತದೆ.

ಹಂತ 7: ಪ್ಲಸ್-ಮೈನಸ್ ನೋಡಿ, ಆದರೆ ನಂಬಿ ಕೂರಬೇಡಿ

ಒಬ್ಬ ಆಟಗಾರ ಕೋರ್ಟಿನಲ್ಲಿದ್ದಾಗ ನಾವು ಎಷ್ಟು ಹೊಡೆದೆವು, ಎಷ್ಟು ಕೊಟ್ಟೆವು ಅನ್ನುವ ವ್ಯತ್ಯಾಸವೇ ಪ್ಲಸ್-ಮೈನಸ್. ಲೆಕ್ಕ ಸುಲಭ, ಅದಕ್ಕೇ ಅಪಾಯ. 12 ನಿಮಿಷ ಆಡಿ ಮೈನಸ್ 14 ಬಂದ ಹುಡುಗನನ್ನು ಮುಂದಿನ ಮ್ಯಾಚಿಗೆ ಕೂರಿಸಿಬಿಡುತ್ತಾರೆ. ಆ 12 ನಿಮಿಷ ಅವನ ಜೊತೆ ಯಾರಿದ್ದರು, ಎದುರಿಗೆ ಯಾರಿದ್ದರು ಅಂತ ಬರೆಯಿರಿ. ನಮ್ಮ ಬೆಂಚಿನ ಐವರು ಅವರ ಮೊದಲ ಐವರ ಎದುರು ಆಡಿದ್ದರೆ, ಆ ಮೈನಸ್ 14 ಯಾವಾಗ ಯಾರನ್ನು ಇಳಿಸಿದೆವು ಅನ್ನುವುದರ ಬೆಲೆ. ಒಂದು ಮ್ಯಾಚಿನ ಪ್ಲಸ್-ಮೈನಸ್‌ನಿಂದ ಯಾವ ತೀರ್ಮಾನವೂ ಬೇಡ. ಐದಾರು ಮ್ಯಾಚ್ ಒಟ್ಟಿಗೆ ಇಟ್ಟಾಗ, ಅದೂ ಇಬ್ಬಿಬ್ಬರ ಜೋಡಿಯಾಗಿ ನೋಡಿದಾಗ, ಸ್ವಲ್ಪ ಅರ್ಥ ಬರುತ್ತದೆ.

ಮ್ಯಾಚ್ ಕೈ ಬಿಟ್ಟ ಮೇಲಿನ ಆಟವನ್ನು ಬೇರೆ ಇಡಿ. ನಾನು ಇಟ್ಟುಕೊಂಡಿರುವ ಗೆರೆ: ಕೊನೆಯ ನಾಲ್ಕು ನಿಮಿಷ, ಅಂತರ 20 ಅಥವಾ ಜಾಸ್ತಿ. ಆ ಹೊತ್ತಿನಲ್ಲಿ ಎದುರಾಳಿ ತನ್ನ ಮುಖ್ಯ ಆಟಗಾರರನ್ನು ಕೂರಿಸಿರುತ್ತದೆ. ಆಗ ಬಂದ 10 ಪಾಯಿಂಟ್ ಅಂಕಕ್ಕೆ ಸೇರಬಾರದು. ಆದರೆ ಓಡಿದನೇ, ಹೆಲ್ಪ್‌ಗೆ ಬಂದನೇ, ಮುಖ ಸಿಂಡರಿಸಿದನೇ ಅನ್ನುವುದು ಷರಾಕ್ಕೆ ಸೇರಲಿ.

ತಂಡದ ಸೋಲಿನ ಪಟ್ಟಿ ನೋಡಿ ಆಟಗಾರನ ಬೆಲೆ ಕಟ್ಟಿದರೆ ಏನಾಗುತ್ತದೆ ಅನ್ನುವುದಕ್ಕೆ ಡೆಟ್ರಾಯಿಟ್ ಪಿಸ್ಟನ್ಸ್ ತಂಡವನ್ನು ನೋಡಬೇಕು. 2023ರ ಡಿಸೆಂಬರ್ 26ರಂದು ಅದು ಬ್ರೂಕ್ಲಿನ್ ನೆಟ್ಸ್ ವಿರುದ್ಧ 112-118ರಿಂದ ಸೋತಿತು. ಸತತ 27ನೇ ಸೋಲು, ಒಂದೇ ಸೀಸನ್ನಿನಲ್ಲಿ ಎನ್‌ಬಿಎ ಅಷ್ಟರವರೆಗೆ ಕಾಣದ ಸೋಲಿನ ಸಾಲು. ಆ ಮ್ಯಾಚಿನಲ್ಲಿ ಪಿಸ್ಟನ್ಸ್ ಗಾರ್ಡ್ ಕೇಡ್ ಕನಿಂಗ್‌ಹ್ಯಾಮ್ 41 ಪಾಯಿಂಟ್ ಹೊಡೆದಿದ್ದರು. ಸೀಸನ್ ಮುಗಿದಾಗ ತಂಡ 14 ಗೆದ್ದು 68 ಸೋತಿತ್ತು. ಮುಂದಿನ ಸೀಸನ್ನಿನಲ್ಲಿ ಕೋಚ್ ಬದಲಾದರು. ಮಾಲಿಕ್ ಬೀಸ್ಲಿ, ಟಿಮ್ ಹಾರ್ಡವೇ ಜೂನಿಯರ್‌ರಂಥ ಶೂಟರ್‌ಗಳು ಬಂದರು, ಬೀಸ್ಲಿ ಒಬ್ಬರೇ 319 ತ್ರೀ ಹಾಕಿದರು. ಅದೇ ಕನಿಂಗ್‌ಹ್ಯಾಮ್ ನಡೆಸಿದ ತಂಡ 44 ಗೆದ್ದಿತು. ಹೊರಗೆ ಶೂಟರ್ ನಿಂತಾಗ ಅವನನ್ನು ಕಾಯುವವನು ಒಳಗೆ ಇಳಿದು ಬರಲಾರ, ಗಾರ್ಡಿಗೆ ದಾರಿ ತೆರೆಯುತ್ತದೆ. ನಿಮ್ಮ ಗಾರ್ಡ್ ಒಳಗೆ ನುಗ್ಗಿ ನುಗ್ಗಿ ಮೂವರ ಮಧ್ಯೆ ಸಿಕ್ಕಿಬೀಳುತ್ತಿದ್ದರೆ, ಅವನ ಅಂಕ ಕಡಿಯುವ ಮೊದಲು ಕಾರ್ನರಿನಲ್ಲಿ ಯಾರನ್ನು ನಿಲ್ಲಿಸಿದ್ದಿರಿ ಅಂತ ನೋಡಿ.

ಹಂತ 8: ಈಗ ಅಂಕ

ಹಂತ 1ರಲ್ಲಿ ಬರೆದ ಪಾತ್ರದ ಸಾಲನ್ನು ಮತ್ತೆ ಓದಿ. ಹೇಳಿದ ಕೆಲಸ ಮಾಡಿದ್ದರೆ 6. ಅಲ್ಲಿಂದ ಮೇಲೆ, ಕೆಳಗೆ ಹೋಗಿ. ತಂಡ ಸೋತಿತು ಅನ್ನುವ ಕಾರಣಕ್ಕೆ ಅರ್ಧ ಅಂಕವನ್ನೂ ಕಡಿಯಬೇಡಿ. ಸೋಲು ಆಗಲೇ ಎಲ್ಲರಿಗೂ ಸಿಕ್ಕಿದೆ.

8 ನಿಮಿಷಕ್ಕಿಂತ ಕಡಿಮೆ ಆಡಿದವರಿಗೆ ಅಂಕ ಬೇಡ, ಒಂದು ಸಾಲಿನ ಷರಾ ಸಾಕು. ಎರಡು ಶಾಟ್ ತಪ್ಪಿದ್ದಕ್ಕೆ "ಶೂಟಿಂಗ್ ಸೊನ್ನೆ" ಅಂತ ಬರೆದರೆ ಆ ಹುಡುಗ ಮುಂದಿನ ಸಲ ಬಾಲ್ ಬಂದರೆ ಹೆದರಿ ಪಾಸ್ ಕೊಡುತ್ತಾನೆ.

ಪ್ರತಿ ಅಂಕದ ಪಕ್ಕದಲ್ಲಿ ವಿಡಿಯೋದ ಎರಡು ಸಮಯ ಬರೆಯಿರಿ. ಒಂದು ಚೆನ್ನಾಗಿ ಮಾಡಿದ್ದು, ಒಂದು ತಪ್ಪಿದ್ದು. ಎರಡು ಸಮಯ ತೋರಿಸಲಾಗದ ಅಂಕ ಬರೀ ಅಭಿಪ್ರಾಯ. ಜೊತೆಗಾರನೂ ನಿಮ್ಮನ್ನು ಕೇಳದೆ ಬೇರೆಯಾಗಿ ಅಂಕ ಹಾಕಲಿ. ಎರಡಕ್ಕಿಂತ ಜಾಸ್ತಿ ಅಂತರ ಬಂದ ಆಟಗಾರರ ಕ್ಲಿಪ್‌ಗಳನ್ನು ಮಾತ್ರ ಒಟ್ಟಿಗೆ ಕೂತು ಮತ್ತೆ ನೋಡಿ.

ಶೀಟ್ ದಾರಿ ತಪ್ಪಿದೆ ಅಂತ ಹೇಳುವ ಗುರುತುಗಳು

ಅಂಕಗಳ ಸಾಲು ಪಾಯಿಂಟ್ ಹೊಡೆದವರ ಸಾಲಿನ ಹಾಗೇ ಇದ್ದರೆ ಹಂತ 6 ಆಗಿಲ್ಲ ಅಂತ ಅರ್ಥ. ಎಲ್ಲರಿಗೂ 4 ಮತ್ತು 5ರ ನಡುವೆ ಬಂದಿದ್ದರೆ ನೀವು ಇನ್ನೂ ಸೋಲಿನ ಬೇಜಾರಿನಲ್ಲಿದ್ದೀರಿ, ಒಂದು ದಿನ ಬಿಟ್ಟು ಕೂರಿ. ಸತತ ಮೂರು ಮ್ಯಾಚಿನಲ್ಲಿ ಒಬ್ಬನೇ ಹುಡುಗನಿಗೆ ಕೊನೆಯ ಸ್ಥಾನ ಬಂದಿದ್ದರೆ ಎರಡು ಸಲ ಯೋಚಿಸಿ. ಅವನಿಗೆ ಮೈಯಲ್ಲಿ ನೋವಿದೆಯೋ, ಆಗದ ಪಾತ್ರ ಕೊಟ್ಟಿದ್ದೀರೋ, ಅಥವಾ ತಂಡದಲ್ಲಿ ಬೈಯಲು ಒಬ್ಬ ಬೇಕು ಅಂತ ಅವನು ಸಿಕ್ಕಿಬಿದ್ದಿದ್ದಾನೋ. ಕೊನೆಯದು ತುಂಬಾ ತಂಡಗಳಲ್ಲಿ ನಡೆಯುತ್ತದೆ, ಬಾಯಿ ಬಿಟ್ಟು ಯಾರೂ ಹೇಳುವುದಿಲ್ಲ.

ಷರಾದಲ್ಲಿ "ಎಫರ್ಟ್", "ಆಟಿಟ್ಯೂಡ್" ಅನ್ನುವ ಪದ ಮೂರು ಸಲಕ್ಕಿಂತ ಜಾಸ್ತಿ ಬಂದಿದ್ದರೆ ಹೊಡೆದು ಹಾಕಿ, ಅಲ್ಲಿ ಕಂಡದ್ದನ್ನು ಬರೆಯಿರಿ. "ಎಫರ್ಟ್ ಇಲ್ಲ" ಬದಲು "ನಾಲ್ಕನೇ ಕ್ವಾರ್ಟರಿನಲ್ಲಿ ಐದು ಸಲ ನಡೆದುಕೊಂಡು ವಾಪಸ್ ಬಂದ". 34 ನಿಮಿಷ ಆಡಿದವನು ನಡೆದುಕೊಂಡು ಬಂದಿದ್ದರೆ ಅದು ಸುಸ್ತು. ಅದಕ್ಕೆ ಮದ್ದು ಬೈಗುಳವಲ್ಲ, ಮೂರನೇ ಕ್ವಾರ್ಟರಿನಲ್ಲಿ ಎರಡು ನಿಮಿಷ ಬೆಂಚ್.

ಮನೆಯವರ ಮಾತೂ ಒಂದು ಒತ್ತಡ. "ಸರ್, ನಮ್ಮ ಹುಡುಗ 20 ಪಾಯಿಂಟ್ ಹೊಡೆದಿದ್ದಾನೆ, ಆದರೂ 5 ಯಾಕೆ?" ಅಂತ ಕೇಳುತ್ತಾರೆ. ಸಮಯ ಬರೆದಿಟ್ಟ ಎರಡು ಕ್ಲಿಪ್ ಇದ್ದರೆ ಫೋನ್ ತೆಗೆದು ತೋರಿಸಬಹುದು. ಇಲ್ಲದಿದ್ದರೆ ಅಂಕ ಬದಲಾಗುತ್ತದೆ, ಹುಡುಗನ ಆಟ ಬದಲಾಗುವುದಿಲ್ಲ.

ಹಂತ 9: ಆಟಗಾರನಿಗೆ ಹೇಳುವುದು

ಗ್ರೂಪಿನಲ್ಲಿ ಪಟ್ಟಿ ಹಾಕಬೇಡಿ. ಒಬ್ಬೊಬ್ಬರನ್ನೇ ಕೂರಿಸಿಕೊಂಡು, ಹತ್ತು ನಿಮಿಷ, ಮುಂದಿನ ಪ್ರಾಕ್ಟೀಸಿಗೆ ಮುಂಚೆ. ಅಂಕ ಹೇಳುವ ಮೊದಲು ಕೇಳಿ: "ನಿನಗೆ ನೀನು ಎಷ್ಟು ಕೊಡ್ತೀಯ?" ಸೋಲುವ ತಂಡದ ಹುಡುಗರು ತಮಗೆ ತಾವೇ 2, 3 ಕೊಟ್ಟುಕೊಳ್ಳುತ್ತಾರೆ. ಆಗ ಚೆನ್ನಾಗಿ ಮಾಡಿದ ಕ್ಲಿಪ್ ಮೊದಲು ತೋರಿಸಿ.

ಆಮೇಲೆ ತಪ್ಪಿದ್ದು ಒಂದೇ ಒಂದು. ಎಷ್ಟೇ ತಪ್ಪಿದ್ದರೂ ಒಂದೇ. ಅದನ್ನು ಪ್ರಾಕ್ಟೀಸಿನಲ್ಲಿ ಮಾಡಬಹುದಾದ ಕೆಲಸವಾಗಿ ಹೇಳಿ. ಕಾರ್ನರಿನಲ್ಲಿ ನಿಂತುಬಿಟ್ಟ ಆ ಹುಡುಗನಿಗೆ ನಾನು ಹೇಳಿದ್ದು ಇಷ್ಟೇ: "ಸೆಂಟರ್ ಕಾಲು ಎತ್ತಿದ ಕೂಡಲೇ ನೀನು ಎರಡು ಹೆಜ್ಜೆ ಒಳಗೆ. ಬಾಲ್ ನೋಡಬೇಡ, ಅವನ ಕಾಲು ನೋಡು." ಸೆಂಟರನ್ನು ಬೇರೆಯಾಗಿ ಕರೆದು, ಏಳು ಕ್ಲಿಪ್ ಒಂದರ ಹಿಂದೆ ಒಂದು ಹಾಕಿದೆ. "ಇಷ್ಟರಲ್ಲೂ ನೀನು ಮಾಡಿದ್ದೇ ಸರಿ. ನಾನು ಬೈದದ್ದು ತಪ್ಪು" ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರ್, ಮೂರನೇದು ಇನ್ನೊಂದ್ಸಲ ಹಾಕಿ" ಅಂದ.

ಮಾತು ಮುಗಿದ ಮೇಲೆ ಶೀಟನ್ನು ಹಳದಿ ಹಾಳೆಗೆ ಪಿನ್ ಮಾಡಿ ಫೈಲಿನಲ್ಲಿ ಇಡಿ. ಮುಂದಿನ ಮ್ಯಾಚಿನ ಹಂತ 1 ಬರೆಯುವಾಗ, ಪ್ರತಿ ಹೆಸರಿನ ಪಾತ್ರದ ಸಾಲಿನಲ್ಲಿ ಇವತ್ತು ಹೇಳಿದ ಆ ಒಂದು ಕೆಲಸವೂ ಸೇರಬೇಕು.